ವಿಘಳಿಗೆಯ ಲೆಕ್ಕ ಹಾಕಿದವನು

ನಮ್ಮ ಪಂಚಾಂಗದ ಕಾಲಮಾನವನ್ನು ಓದುಗರು ಬಲ್ಲರು. ಒಂದು ಅಹೋರಾತ್ರಿಗೆ ೬೦ ಘಳಿಗೆ; ಒಂದು ಘಳಿಗೆಗೆ ೬೦ ವಿಘಳಿಗೆ. ಗಡಿಯಾರದ ಲೆಕ್ಕಕ್ಕೆ ತಂದರೆ ಘಳಿಗೆಯೆಂಬುದು ೨೪ ನಿಮಿಷ, ವಿಘಳಿಗೆಯೆಂಬುದು ೨೪ ಸೆಕೆಂಡು. ಮುಹೂರ್ತವಿಡುವ ಜೋಯಿಸರನ್ನು ಬಿಟ್ಟರೆ ಈ ವಿಘಳಿಗೆಯ ಗೊಡವೆ ಇಂದು ಹೆಚ್ಚಿನವರಿಗೆ ಉಳಿದಿಲ್ಲ. ಆದರೂ ಒಂದೆಡೆ ಅದು ಇನ್ನೂ ರಾಜ್ಯವಾಳುತ್ತಿದೆ. ಬ್ಯಾಸ್ಕೆಟ್‌ಬಾಲ್ ಅಂಗಣದಲ್ಲಿ ಚೆಂಡು ಕೈಸೇರಿದ ತಂಡವು ೨೪ ಸೆಕೆಂಡುಗಳೊಳಗೆ ಅದನ್ನು ಬುಟ್ಟಿಯತ್ತ ಎಸೆಯಲೇಬೇಕು. ತಪ್ಪಿದರೆ ಚೆಂಡು ಎದುರಾಳಿಗಳ ಪಾಲು. ಹೀಗೆ ದೇಶದೇಶಗಳ ಆಟಗಾರರು ತಮಗರಿವಿಲ್ಲದೆಯೇ ವಿಘಳಿಗೆಯ ಲೆಕ್ಕದಲ್ಲಿ ಓಡುತ್ತಿದ್ದಾರೆ. ಈ ಹೊಂದಿಕೆ ಬರಿಯ ಆಕಸ್ಮಿಕ. ನಮ್ಮ ಪೂರ್ವಿಕರಿಗೆ ಬ್ಯಾಸ್ಕೆಟ್‌ಬಾಲ್ ತಿಳಿದಿತ್ತೆಂದು ಸಾಧಿಸಲು ನಾನು ಹೊರಟಿಲ್ಲ. ನಾನು ಹೇಳಹೊರಟಿರುವುದು ಆ ನಿಯಮದೊಂದಿಗೆ ಹೆಸರು ಕೂಡಿಕೊಂಡಿರುವ ಒಬ್ಬ ಮನುಷ್ಯನ ವಿಚಾರ.

ಆತನ ಹೆಸರು ಡ್ಯಾನಿ ಬಿಯಾಸೋನೆ. ಊರು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್. ಬ್ಯಾಸ್ಕೆಟ್‌ಬಾಲಿನ ಚರಿತ್ರೆಯನ್ನು ಬಲ್ಲವರಿಗೆಲ್ಲ ಈ ಹೆಸರು ಪರಿಚಿತ. ಆದರೆ ಆತ ಆ ಆಟದಲ್ಲಿ ಕೀರ್ತಿ ಪಡೆದ ಆಟಗಾರನಲ್ಲ, ಆಟ ಕಲಿಸಿದ ಗುರುವೂ ಅಲ್ಲ. ಜೀವನಕ್ಕೆ ಒಂದು ಬೌಲಿಂಗ್ ಕೇಂದ್ರವನ್ನು ಇಟ್ಟುಕೊಂಡಿದ್ದವನು. ಭಾರವಾದ ಗುಂಡನ್ನು ಮರದ ನೆಲದ ಮೇಲೆ ಉರುಳಿಸಿ, ದೂರದಲ್ಲಿ ನಿಲ್ಲಿಸಿದ ಗೂಟಗಳನ್ನು ಕೆಡಹುವ ಆಟಕ್ಕೆ ಬೌಲಿಂಗ್ ಎಂದು ಹೆಸರು. ದುಡಿದು ದಣಿದ ಜನ ಸಂಜೆಗೆ ಬಂದು, ಕಾಸು ಕೊಟ್ಟು ಆಡಿ, ಒಂದಿಷ್ಟು ಕುಡಿದು ಮಾತನಾಡಿ ಹೋಗುವ ಜಾಗ ಅದು. ಅಂಥ ಜಾಗದ ಯಜಮಾನನು ಒಂದು ವೃತ್ತಿಪರ ತಂಡವನ್ನು ಕಟ್ಟಿದ. ೧೭ ವರ್ಷ ಸಾಕಿದ. ಒಮ್ಮೆ ದೇಶದಲ್ಲೆಲ್ಲ ಮೊದಲನೆಯದೆನ್ನಿಸಿದ. ಕಡೆಗೆ ಅದನ್ನು ಮಹಾನಗರವೊಂದಕ್ಕೆ ಒಪ್ಪಿಸಬೇಕಾಯಿತು.

ಕನ್ನಡ ಪಾಠ ಹೇಳುವವನಿಗೆ ಈ ಆಟದ ಮಾತೇಕೆ ಎಂದು ಯಾರಾದರೂ ಕೇಳಬಹುದು. ನಾನು ಪಾಠ ಹೇಳುವುದು ಚಾಮರಾಜನಗರದಲ್ಲಿ, ವಾಸ ಗುಂಡ್ಲುಪೇಟೆಯಲ್ಲಿ. ಇವೆರಡೂ ದೊಡ್ಡ ಊರುಗಳಲ್ಲ. ಇಲ್ಲಿ ಚೆನ್ನಾಗಿ ಓದಿದ ಹುಡುಗ ಮೈಸೂರಿಗೆ ಹೋಗುತ್ತಾನೆ, ಅಲ್ಲಿಂದ ಬೆಂಗಳೂರಿಗೆ. ಚೆನ್ನಾಗಿ ಹಾಡುವ ಹುಡುಗಿಯೂ ಅಷ್ಟೆ. ಚಿಕ್ಕ ಊರಿನಲ್ಲಿ ಕುಡಿಯೊಡೆದದ್ದು ಬೆಳೆದೊಡನೆ ಊರನ್ನು ಬಿಡುತ್ತದೆ. ಹಾಗಿರುವಾಗ ಅದನ್ನು ನೆಟ್ಟು ನೀರೆರೆದ ಊರಿಗೆ ದಕ್ಕಿದ್ದೇನು? ಅಧ್ಯಾಪಕನಾದವನಿಗೆ ಈ ಪ್ರಶ್ನೆ ವರ್ಷಕ್ಕೊಮ್ಮೆಯಾದರೂ, ಪರೀಕ್ಷೆ ಮುಗಿದು ತರಗತಿ ಬರಿದಾದಾಗ, ಎದುರಾಗದೆ ಇರುವುದಿಲ್ಲ. ಬಿಯಾಸೋನೆಯ ಬಾಳು ಈ ಪ್ರಶ್ನೆಗೆ ಒಂದು ಬಗೆಯ ಉತ್ತರ ಎಂದು ನನಗೆ ತೋರಿದೆ.

ಆತ ಹುಟ್ಟಿದ್ದು ೧೯೦೯ರ ಫೆಬ್ರವರಿ ೨೨ರಂದು, ಇಟಲಿಯ ಅಬ್ರುಟ್ಸೊ ಪ್ರಾಂತದ ಮಿಲಿಯಾನಿಕೊ ಎಂಬ ಸಣ್ಣ ಊರಿನಲ್ಲಿ. ಆ ಕಾಲದಲ್ಲಿ ದಕ್ಷಿಣ ಇಟಲಿಯ ಹಳ್ಳಿಗಳಿಂದ ಲಕ್ಷಾಂತರ ಜನ ಬಡತನಕ್ಕೆ ಬೆದರಿ ಹಡಗು ಹತ್ತುತ್ತಿದ್ದರು. ಬಿಯಾಸೋನೆಯ ಮನೆಯವರೂ ಆ ಪ್ರವಾಹದಲ್ಲಿ ಸೇರಿದರು. ಹತ್ತು ಹನ್ನೊಂದರ ಪ್ರಾಯದಲ್ಲಿ ಬಾಲಕ ನ್ಯೂಯಾರ್ಕ್ ರೇವಿನ ಎಲ್ಲಿಸ್ ದ್ವೀಪದ ಮೂಲಕ ಅಮೆರಿಕವನ್ನು ಹೊಕ್ಕನು. ವಲಸೆಗಾರರನ್ನು ತಪಾಸಣೆ ಮಾಡಿ ಒಳಕ್ಕೆ ಬಿಡುತ್ತಿದ್ದ ದ್ವೀಪ ಅದು. ಅಲ್ಲಿಂದ ಆತ ಸೇರಿದ ಊರು ಸಿರಾಕ್ಯೂಸ್. ಇಲ್ಲೊಂದು ಸ್ವಾರಸ್ಯವುಂಟು. ಆ ಊರಿಗೆ ಆ ಹೆಸರು ಬಂದದ್ದು ಇಟಲಿಯ ಸಿಸಿಲಿ ದ್ವೀಪದ ಪುರಾತನ ನಗರವಾದ ಸಿರಾಕ್ಯೂಸಿನಿಂದ. ಇಟಲಿಯನ್ನು ಬಿಟ್ಟು ಬಂದ ಹುಡುಗನಿಗೆ ಕಡಲಾಚೆಯಲ್ಲಿಯೂ ಇಟಲಿಯ ಹೆಸರಿನ ಊರೇ ಕಾದಿತ್ತು.

ಅಮೆರಿಕದ ಸಿರಾಕ್ಯೂಸನ್ನು ಉಪ್ಪಿನ ನಗರವೆಂದು ಕರೆಯುವ ವಾಡಿಕೆ. ಒನಂಡಾಗ ಸರೋವರದ ದಡದ ಉಪ್ಪುನೀರಿನ ಚಿಲುಮೆಗಳಿಂದ ಉಪ್ಪು ತೆಗೆದು, ಈರಿ ಕಾಲುವೆಯ ದೋಣಿಗಳಲ್ಲಿ ಸಾಗಿಸಿ ಬದುಕಿದ ಊರದು. ಬಳಿಕ ಕಾರ್ಖಾನೆಗಳು ಬಂದವು. ೧೯೫೦ರ ಹೊತ್ತಿಗೆ ಅಲ್ಲಿಯ ಜನಸಂಖ್ಯೆ ೨ ಲಕ್ಷ ೨೦ ಸಾವಿರದಷ್ಟು. ನಮ್ಮ ಅಳತೆಗೆ ಅದೇನೂ ಚಿಕ್ಕ ಊರಲ್ಲವೆನ್ನಬಹುದು. ಆದರೆ ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯಾಗಳ ಮಗ್ಗುಲಲ್ಲಿ ನಿಲ್ಲಿಸಿದಾಗ ಅದು ಹಿತ್ತಿಲಿನ ಗಿಡವೇ. ಆ ಊರಿನ ಈಸ್ಟ್‌ವುಡ್ ಎಂಬ ಬಡಾವಣೆಯಲ್ಲಿ ಬಿಯಾಸೋನೆ ತನ್ನ ಬೌಲಿಂಗ್ ಕೇಂದ್ರವನ್ನು ತೆರೆದನು.

ಆತನ ಕತೆಯನ್ನು ಮುಂದುವರಿಸುವ ಮುನ್ನ ಆಟದ ಕತೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಬ್ಯಾಸ್ಕೆಟ್‌ಬಾಲ್ ಒಬ್ಬ ಅಧ್ಯಾಪಕನ ಸೃಷ್ಟಿ. ಕೆನಡಾದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ ಎಂಬಾತ ೧೮೯೧ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ, ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಗೋಳುಗುಟ್ಟುತ್ತಿದ್ದ ವಿದ್ಯಾರ್ಥಿಗಳಿಗಾಗಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲ್ಪಡಸಾಲೆಯ ಕಟಕಟೆಗೆ ಹೊಡೆದು, ೧೩ ನಿಯಮಗಳನ್ನು ಬರೆದು, ಈ ಆಟವನ್ನು ಹುಟ್ಟಿಸಿದ. ಕ್ರೈಸ್ತ ಯುವಕ ಸಂಘಗಳು ಅದನ್ನು ಖಂಡಖಂಡಗಳಿಗೆ ಒಯ್ದವು. ಹ್ಯಾರಿ ಕ್ರೋ ಬಕ್ ಎಂಬಾತ ೧೯೨೦ರಲ್ಲಿ ಮದರಾಸಿನಲ್ಲಿ ಆ ಸಂಘದ ವ್ಯಾಯಾಮ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದ ಮೇಲೆ, ಅಲ್ಲಿ ತರಬೇತಾದ ಉಪಾಧ್ಯಾಯರ ಮೂಲಕ ಇಂಥ ಆಟಗಳು ದಕ್ಷಿಣ ದೇಶದ ಶಾಲೆಗಳಲ್ಲಿ ಬೇರೂರಿದವು. ನೈಸ್ಮಿತ್ ತನ್ನ ಆಟದಿಂದ ಹಣ ಮಾಡಲು ಹೋಗಲಿಲ್ಲ. ಆದರೆ ಆಟ ಮಾತ್ರ ಹಣದ ಕಡೆಗೆ ನಡೆಯಿತು. ಟಿಕೆಟ್ಟಿಟ್ಟು ಆಡುವ, ಸಂಬಳಕ್ಕೆ ಆಡುವ ತಂಡಗಳು ಎದ್ದವು.

ಆ ತಂಡಗಳಲ್ಲಿ ಹಲವು ಹುಟ್ಟಿದ್ದು ಚಿಕ್ಕ ಊರುಗಳಲ್ಲಿ ಎಂಬುದು ಗಮನಿಸತಕ್ಕ ಸಂಗತಿ. ೧೯೩೭ರಲ್ಲಿ ಆರಂಭವಾದ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗ್ ಎಂಬ ಒಕ್ಕೂಟದ ತಂಡಗಳ ಊರುಗಳನ್ನು ನೋಡಿ: ಆಕ್ರನ್, ಆಷ್ಕಾಷ್, ಶಬಾಯ್ಗನ್, ಫೋರ್ಟ್ ವೇಯ್ನ್. ಆಕ್ರನ್ನಿನಲ್ಲಿ ಟಯರು ಮಾಡುವ ಕಂಪನಿಗಳು ತಂಡ ಸಾಕಿದವು. ಫೋರ್ಟ್ ವೇಯ್ನಿನಲ್ಲಿ ಪಿಸ್ಟನ್ ಮಾಡುವ ಕಾರ್ಖಾನೆಯ ಯಜಮಾನ ತಂಡ ಸಾಕಿದ. ಆಟಗಾರರಿಗೆ ರಾಜಾಶ್ರಯವಿರಲಿಲ್ಲ, ಬಾಗಿಲಲ್ಲಿ ಸೇರಿದ ಚಿಲ್ಲರೆಯೇ ಆಶ್ರಯ. ರಾತ್ರಿ ಆಡಿ, ಮೂಟೆ ಕಟ್ಟಿ, ಮುಂದಿನ ಊರಿಗೆ ಹೊರಡುವ ಬಾಳು ಅವರದು.

ಇದನ್ನು ಓದುವಾಗ ಕನ್ನಡಿಗನಿಗೆ ನಮ್ಮ ವೃತ್ತಿನಾಟಕ ಮಂಡಲಿಗಳ ನೆನಪಾಗದೆ ಇರದು. ಗುಬ್ಬಿ ಎಂಬುದು ತುಮಕೂರಿನ ಸೀಮೆಯ ಒಂದು ಚಿಕ್ಕ ಪೇಟೆ. ಅಲ್ಲಿ ೧೮೮೪ರಲ್ಲಿ ಹುಟ್ಟಿದ ಮಂಡಲಿಯು ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದು, ನಾಡೆಲ್ಲ ಸುತ್ತಿ, ಊರ ಹೆಸರನ್ನೇ ತನ್ನ ಹೆಸರಾಗಿ ಮೆರೆಯಿತು. ನಮ್ಮ ಚಾಮರಾಜನಗರದ ಸೀಮೆಗೂ ಆ ಮಂಡಲಿಗೂ ನಂಟುಂಟು. ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರು ಅಲ್ಲಿ ನಟರಾಗಿದ್ದರು. ತಂದೆಯ ಬೆನ್ನಿಗೆ ಬಾಲನಟನಾಗಿ ಅದೇ ರಂಗವನ್ನೇರಿದ ಮಗ ರಾಜಕುಮಾರರೆಂದು ನಾಡಿಗೆಲ್ಲ ಬೇಕಾದವರಾದರು. ಚಿಕ್ಕ ಊರು, ಬಾಗಿಲ ಚಿಲ್ಲರೆ, ಮೂಟೆ ಕಟ್ಟುವ ಬದುಕು, ಒಬ್ಬ ಯಜಮಾನನ ಹಟ: ಇಷ್ಟು ಕೂಡಿದರೆ ಗುಬ್ಬಿ ಕಂಪನಿಯೂ ಆಗಬಹುದು, ಸಿರಾಕ್ಯೂಸಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬೂ ಆಗಬಹುದು.

ಬಿಯಾಸೋನೆಯ ಹಟಕ್ಕೆ ಕಾರಣವಾದ ಪ್ರಸಂಗವನ್ನು ಹೀಗೆ ಹೇಳುವುದುಂಟು. ನೆರೆಯೂರಾದ ರಾಚೆಸ್ಟರಿನಲ್ಲಿ ರಾಯಲ್ಸ್ ಎಂಬ ಬಲವಾದ ವೃತ್ತಿಪರ ತಂಡವಿತ್ತು. ತನ್ನೂರಿನ ಹುಡುಗರೊಂದಿಗೆ ಒಂದು ಆಟ ಆಡಿರೆಂದು ಬಿಯಾಸೋನೆ ಅವರನ್ನು ಕೇಳಿಕೊಂಡ, ಅದು ಕೈಗೂಡಲಿಲ್ಲ. ಕೇಳಿ ಪಡೆಯಲಾಗದ್ದನ್ನು ಹಕ್ಕಿನಿಂದ ಪಡೆಯುವೆನೆಂದು ಆತ ೧೯೪೬ರಲ್ಲಿ ಶಿಕಾಗೋದ ಲೀಗ್ ಕಚೇರಿಗೆ ೫೦೦೦ ಡಾಲರಿನ ಚೆಕ್ಕನ್ನು ಕಳುಹಿಸಿ, ತನ್ನೂರಿಗೂ ಒಂದು ತಂಡವನ್ನು ಕೊಂಡನು. ಅದೇ ಸಿರಾಕ್ಯೂಸ್ ನ್ಯಾಷನಲ್ಸ್. ಊರವರ ಬಾಯಲ್ಲಿ ನ್ಯಾಟ್ಸ್. ಒಂದೇ ಲೀಗಿನಲ್ಲಿದ್ದ ಮೇಲೆ ರಾಚೆಸ್ಟರಿನವರು ಆಡದೆ ಉಪಾಯವಿರಲಿಲ್ಲ.

ಮೊದಲೆರಡು ಹಂಗಾಮುಗಳಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು. ೧೯೪೮ರಲ್ಲಿ ಕಾಲ ತಿರುಗಿತು. ಆ ರಾಚೆಸ್ಟರ್ ತಂಡದಲ್ಲೇ ಆಡುತ್ತಿದ್ದ ಆಲ್ ಸರ್ವಿ ಎಂಬ ಛಲಗಾರನನ್ನು ಬಿಯಾಸೋನೆ ಆಟಗಾರನೂ ತರಬೇತುಗಾರನೂ ಆಗಿ ಕರೆತಂದ. ಅದೇ ವರ್ಷ ನ್ಯೂಯಾರ್ಕ್ ನಗರದ ಡಾಲ್ಫ್ ಶೇಯ್ಸ್ ಎಂಬ ಇಪ್ಪತ್ತರ ನೀಳಕಾಯದ ಯುವಕ ಬಂದು ಸೇರಿದ. ತನ್ನ ಹುಟ್ಟೂರಿನ ಶ್ರೀಮಂತ ತಂಡವನ್ನು ಬಿಟ್ಟು ಈ ಚಿಕ್ಕ ಊರಿಗೆ ಬಂದ ಆ ಯುವಕ ಮುಂದೆ ತಂಡವನ್ನು ಬಿಟ್ಟು ಹೋಗಲೇ ಇಲ್ಲ. ಯುಗಪ್ರವರ್ತಕ ಆಟಗಾರನೆನ್ನಿಸಿ ೨೦೧೫ರಲ್ಲಿ ತೀರಿಕೊಂಡ.

೧೯೪೯ರಲ್ಲಿ ಈ ಲೀಗೂ ಮಹಾನಗರಗಳ ಇನ್ನೊಂದು ಒಕ್ಕೂಟವೂ ಬೆರೆತು ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಆಯಿತು. ಆರಂಭದಲ್ಲಿ ೧೭ ತಂಡಗಳು. ಮೊದಲ ಹಂಗಾಮಿನಲ್ಲೇ ಸಿರಾಕ್ಯೂಸ್ ೫೧ ಆಟ ಗೆದ್ದು, ೧೩ ಮಾತ್ರ ಸೋತು, ಅಂತಿಮ ಸರಣಿಯವರೆಗೆ ಬಂದು ಮಿನಿಯಾಪೊಲಿಸ್ ಲೇಕರ್ಸ್ ತಂಡಕ್ಕೆ ಶರಣಾಯಿತು. ಆದರೆ ಆ ಒಂದೇ ವರ್ಷದ ಕೊನೆಗೆ ಶಬಾಯ್ಗನ್, ವಾಟರ್ಲೂ, ಆಂಡರ್ಸನ್‌ಗಳಂಥ ಸಣ್ಣ ಊರುಗಳ ತಂಡಗಳು ಆ ಒಕ್ಕೂಟದಿಂದ ಉದುರಿಹೋದವು. ದೊಡ್ಡವರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳುವುದು ಸುಲಭ. ಕೈ ತೊಳೆಯುವವರೆಗೆ ಕುಳಿತಿರುವುದು ಕಷ್ಟ. ಸಿರಾಕ್ಯೂಸ್ ಕುಳಿತಿತು.

ಆಗ ಆಟಕ್ಕೇ ಒಂದು ರೋಗ ಹತ್ತಿತ್ತು. ಚೆಂಡನ್ನು ಎಷ್ಟು ಹೊತ್ತಿನೊಳಗೆ ಎಸೆಯಬೇಕೆಂಬ ಕಟ್ಟಳೆ ಇರಲಿಲ್ಲವಾಗಿ, ಒಮ್ಮೆ ಮುಂದಾದ ತಂಡ ಮತ್ತೆ ಬುಟ್ಟಿಯ ಕಡೆ ನೋಡುತ್ತಲೇ ಇರಲಿಲ್ಲ. ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ಕಾಲ ನೂಕುತ್ತಿತ್ತು. ಅದನ್ನು ಕಸಿಯಲು ಎದುರಾಳಿಗಳು ಬೇಕೆಂದೇ ಮೈಮೇಲೆ ಬೀಳುವರು. ಬಿದ್ದದ್ದಕ್ಕೆ ಶಿಕ್ಷೆಯಾಗಿ ಫ್ರೀ ಥ್ರೋ. ಮತ್ತೆ ಬೀಳುವುದು, ಮತ್ತೆ ಫ್ರೀ ಥ್ರೋ. ಓಟದ ಆಟ ನಿಲ್ಲುವ ಆಟವಾಯಿತು. ೧೯೫೦ರ ನವೆಂಬರ್ ೨೨ರಂದು ಮಿನಿಯಾಪೊಲಿಸಿನಲ್ಲಿ ಫೋರ್ಟ್ ವೇಯ್ನ್ ತಂಡ ಲೇಕರ್ಸರನ್ನು ೧೯–೧೮ರಿಂದ ಸೋಲಿಸಿತು. ಇದು ಇಡೀ ಆಟದ ಮೊತ್ತ. ಕೊನೆಯ ೧೨ ನಿಮಿಷಗಳಲ್ಲಿ ಎರಡೂ ತಂಡಗಳು ಕೂಡಿ ಗಳಿಸಿದ್ದು ೪ ಅಂಕ. ದುಡ್ಡು ಕೊಟ್ಟು ಬಂದ ಪ್ರೇಕ್ಷಕನಿಗೆ ಹೇಗಾಗಿರಬೇಡ! ನಾಟಕದಲ್ಲಿ ರಾಜಪಾತ್ರಧಾರಿ ಒಂದು ಗಂಟೆಯ ಕಾಲ ಮೀಸೆ ತಿರುವುತ್ತ ನಿಂತರೆ ಹೇಗೋ ಹಾಗೆ.

ಬಿಯಾಸೋನೆಯ ತಂಡವೂ ಈ ರೋಗದಿಂದ ನರಳಿತು. ೧೯೫೩ರ ಮಾರ್ಚ್ ೨೧ರಂದು ಬಾಸ್ಟನ್ನಿನಲ್ಲಿ ಅವರು ಆಡಿದ ಆಟ ಸಮವಾಗಿ, ನಾಲ್ಕು ಸಲ ಹೆಚ್ಚುವರಿ ಅವಧಿಯನ್ನು ಕೊಡಬೇಕಾಯಿತು. ಬಾಸ್ಟನ್ ೧೧೧–೧೦೫ರಿಂದ ಗೆದ್ದಿತು. ಅಲ್ಲಿಯ ಬಾಬ್ ಕೂಸಿ ಎಂಬ ಪ್ರಚಂಡ ಆಟಗಾರ ಒಬ್ಬನೇ ೫೦ ಅಂಕ ಗಳಿಸಿದ. ಅದರಲ್ಲಿ ೩೦ ಬರಿಯ ಫ್ರೀ ಥ್ರೋಗಳಿಂದ ಬಂದವು. ಆಟಗಾರ ಎಷ್ಟೇ ದೊಡ್ಡವನಾಗಲಿ, ಇದು ಆಟದ ಲಕ್ಷಣವಲ್ಲ. ಮಹಾನಗರದ ಮಾಲೀಕನಿಗೆ ಪ್ರೇಕ್ಷಕರು ಕಡಿಮೆಯಾದರೆ ನಷ್ಟ. ಚಿಕ್ಕ ಊರಿನ ಮಾಲೀಕನಿಗೆ ಅದು ಮರಣ. ಬಿಯಾಸೋನೆಗೆ ಈ ಚಿಂತೆ ಎಲ್ಲರಿಗಿಂತ ಮೊದಲು ಹತ್ತಿದ್ದು ಆತ ಎಲ್ಲರಿಗಿಂತ ಜಾಣನಾದ್ದರಿಂದಲ್ಲ, ಎಲ್ಲರಿಗಿಂತ ಅಪಾಯದ ಅಂಚಿನಲ್ಲಿದ್ದದ್ದರಿಂದ ಎಂದು ನಾನು ಭಾವಿಸುತ್ತೇನೆ. ಹೊಳೆಯ ದಡದಲ್ಲಿ ಮನೆಯಿದ್ದವನಿಗೇ ನೀರೇರುವುದು ಮೊದಲು ಕಾಣುವುದು.

ಆತ ಮಾಡಿದ ಲೆಕ್ಕ ಶಾಲೆಯ ಹುಡುಗನೂ ಮಾಡಬಹುದಾದದ್ದು. ತನಗೆ ಮೆಚ್ಚಿಗೆಯಾದ ಆಟಗಳನ್ನು, ಎಂದರೆ ನಿಧಾನವೂ ಅಲ್ಲದ, ಹುಚ್ಚು ಓಟವೂ ಅಲ್ಲದ ಆಟಗಳನ್ನು, ಮನಸ್ಸಿಗೆ ತಂದುಕೊಂಡ. ಅಂಥ ಆಟದಲ್ಲಿ ಒಂದೊಂದು ತಂಡ ಸುಮಾರು ೬೦ ಸಲ ಚೆಂಡನ್ನು ಬುಟ್ಟಿಗೆ ಎಸೆಯುತ್ತಿತ್ತು. ಎರಡೂ ಸೇರಿ ೧೨೦. ಆಟದ ಅವಧಿ ೪೮ ನಿಮಿಷ, ಎಂದರೆ ೨೮೮೦ ಸೆಕೆಂಡು. ಅದನ್ನು ೧೨೦ರಿಂದ ಭಾಗಿಸಿದರೆ ಬರುವುದು ೨೪. ಇಷ್ಟೇ. ಈ ಲೆಕ್ಕದಲ್ಲಿ ತಂಡದ ವ್ಯವಸ್ಥಾಪಕನಾಗಿದ್ದ ಲಿಯೋ ಫೆರಿಸನಿಗೂ ದೊಡ್ಡ ಪಾಲುಂಟು. ಭಾಗಾಕಾರ ಮಾಡಿದ ಕೈ ಅವನದೇ ಎಂದು ಹೇಳುವವರೂ ಇದ್ದಾರೆ. ಕೀರ್ತಿಯನ್ನು ಹಂಚುವಾಗ ಲೋಕವು ಸಾಮಾನ್ಯವಾಗಿ ಯಜಮಾನನ ಎಲೆಗೆ ಮೊದಲು ಬಡಿಸುತ್ತದೆ. ಫೆರಿಸನ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು. ಆದ್ದರಿಂದ ಇಬ್ಬರನ್ನೂ ನೆನೆಯುವುದು ನ್ಯಾಯ.

ಲೆಕ್ಕವನ್ನು ಒಪ್ಪಿಸುವುದು ಲೆಕ್ಕ ಮಾಡುವುದಕ್ಕಿಂತ ಕಷ್ಟ. ೧೯೫೪ರ ಆಗಸ್ಟ್ ೧೦ರಂದು ಸಿರಾಕ್ಯೂಸಿನ ಬ್ಲಾಜೆಟ್ ವೃತ್ತಿಶಿಕ್ಷಣ ಶಾಲೆಯ ಅಂಗಣದಲ್ಲಿ, ಇತರ ತಂಡಗಳ ಮುಖಂಡರ ಕಣ್ಣೆದುರಿಗೆ, ಬಿಯಾಸೋನೆ ಆಟಗಾರರನ್ನು ಇಳಿಸಿ ಪ್ರಯೋಗ ನಡೆಸಿದ. ಮೊದಮೊದಲು ಆಟಗಾರರು ಗಾಬರಿಗೊಂಡರು. ಕಾಲ ಮೀರೀತೆಂದು ಚೆಂಡು ಕೈಗೆ ಬಂದ ಕ್ಷಣವೇ ಎಸೆಯತೊಡಗಿದರು. ತುಸು ಹೊತ್ತಿಗೆ ಅವರಿಗೇ ತಿಳಿಯಿತು, ೨೪ ಸೆಕೆಂಡು ಅಂಥ ಕಡಿಮೆ ಕಾಲವಲ್ಲವೆಂದು. ಹೂಡಿಕೆ ಹೂಡಲು, ನಾಲ್ಕು ಕೈ ಬದಲಿಸಲು, ಗುರಿ ನೋಡಲು ಅಷ್ಟು ಸಾಕು. ಕಾಲಕ್ಕೆ ಎಲ್ಲೆ ಹಾಕಿದ ಮೇಲೆ ಕಾಲ ಎಷ್ಟಿದೆಯೆಂಬುದು ಅವರಿಗೆ ಗೊತ್ತಾಯಿತು. ಛಂದಸ್ಸನ್ನು ಪಾಠ ಹೇಳುವ ನನಗೆ ಈ ಸಂಗತಿ ಪ್ರಿಯವಾದದ್ದು. ಮಾತ್ರೆಗಳ ಕಟ್ಟು ಬಿಗಿಯಾದಾಗ ಕವಿಯ ಮಾತು ಕುಂಠಿತವಾಗುವುದಿಲ್ಲ, ಓಟ ಪಡೆಯುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ನಾನು ಆ ಶಾಲೆಯ ಅಂಗಣವನ್ನು ನೆನೆಯುತ್ತೇನೆ.

ಆ ವರ್ಷದ ಹಂಗಾಮಿನಿಂದಲೇ ನಿಯಮ ಜಾರಿಗೆ ಬಂತು. ಮೈಮೇಲೆ ಬೀಳುವುದಕ್ಕೂ ತಂಡಕ್ಕಿಷ್ಟೆಂದು ಮಿತಿ ಬಂತು. ಹಿಂದಿನ ಹಂಗಾಮಿನಲ್ಲಿ ತಂಡವೊಂದಕ್ಕೆ ಆಟಕ್ಕೆ ಸರಾಸರಿ ೭೯ ಅಂಕಗಳಿದ್ದದ್ದು ಒಮ್ಮೆಗೇ ೯೩ಕ್ಕೆ ಏರಿತು. ನಿಂತಿದ್ದ ನೀರು ಹರಿಯಿತು; ಪ್ರೇಕ್ಷಕರು ಮರಳಿದರು.

ಹೊಸ ನಿಯಮದ ಮೊದಲ ವರ್ಷದಲ್ಲಿ ಅಂತಿಮ ಸರಣಿಗೆ ಬಂದ ತಂಡಗಳೆರಡೂ ಚಿಕ್ಕ ಊರುಗಳವು: ಸಿರಾಕ್ಯೂಸ್ ಮತ್ತು ಫೋರ್ಟ್ ವೇಯ್ನ್. ಇದರಲ್ಲೊಂದು ವಿನೋದವುಂಟು. ಫೋರ್ಟ್ ವೇಯ್ನಿನ ಸಭಾಂಗಣವನ್ನು ಆ ದಿನಗಳಿಗೆ ಬೌಲಿಂಗ್ ಪಂದ್ಯಾವಳಿಯವರು ಮೊದಲೇ ಹಿಡಿದಿಟ್ಟಿದ್ದರು. ಆದ್ದರಿಂದ ಆ ತಂಡ ತನ್ನೂರ ಆಟಗಳನ್ನು ಇಂಡಿಯಾನಾಪೊಲಿಸಿಗೆ ಹೋಗಿ ಆಡಬೇಕಾಯಿತು. ಬೌಲಿಂಗ್ ಕೇಂದ್ರದ ಯಜಮಾನನಿಗೆ ಬೌಲಿಂಗೇ ಒಲಿದು ನಿಂತಂತಾಯಿತು! ಆದರೂ ಸರಣಿ ೩–೩ ಸಮವಾಗಿ ಏಳನೆಯ ಆಟಕ್ಕೆ ಬಂತು. ೧೯೫೫ರ ಏಪ್ರಿಲ್ ೧೦. ಸಿರಾಕ್ಯೂಸಿನಲ್ಲಿ ೧೯೫೧ರಲ್ಲಿ ತೆರೆದಿದ್ದ ಯುದ್ಧಸ್ಮಾರಕ ಭವನ. ಆತಿಥೇಯರು ಒಂದು ಹಂತದಲ್ಲಿ ೧೭ ಅಂಕ ಹಿಂದೆ ಬಿದ್ದರು. ಹಳೆಯ ನಿಯಮವಿದ್ದಿದ್ದರೆ ಫೋರ್ಟ್ ವೇಯ್ನಿನವರು ಚೆಂಡನ್ನು ಬಚ್ಚಿಟ್ಟುಕೊಂಡು ಅಲ್ಲಿಗೆ ಆಟವನ್ನು ಮುಗಿಸಿಬಿಡುತ್ತಿದ್ದರು. ಈಗ ಅವರೂ ಎಸೆಯಲೇಬೇಕಾಯಿತು. ಅಂತರ ಕರಗುತ್ತ ಬಂದು ೯೧–೯೧ ಆಯಿತು. ೧೨ ಸೆಕೆಂಡು ಉಳಿದಿರುವಾಗ ಜಾರ್ಜ್ ಕಿಂಗ್ ಎಂಬಾತ ಒಂದು ಫ್ರೀ ಥ್ರೋವನ್ನು ಬುಟ್ಟಿಗೆ ಹಾಕಿದ. ಮರುಗಳಿಗೆಯಲ್ಲಿ ಎದುರಾಳಿಯ ಕೈಯಿಂದ ಚೆಂಡನ್ನೂ ಕಸಿದ. ೯೨–೯೧. ಉಪ್ಪಿನ ನಗರ ಅಮೆರಿಕಕ್ಕೆಲ್ಲ ಮೊದಲಾಯಿತು.

ಆ ಗೆಲುವಿನಲ್ಲಿ ಇನ್ನೊಂದು ಸಂಗತಿ ಅಡಗಿತ್ತು. ತಂಡದಲ್ಲಿದ್ದ ಅರ್ಲ್ ಲಾಯ್ಡ್ ಮತ್ತು ಜಿಮ್ ಟಕ್ಕರ್ ಇಬ್ಬರೂ ಕರಿಯ ಜನಾಂಗದವರು. ೧೯೫೦ರ ಅಕ್ಟೋಬರ್ ೩೧ರಂದು ಈ ಅಸೋಸಿಯೇಷನ್ನಿನ ಆಟದಲ್ಲಿ ಅಂಗಣಕ್ಕಿಳಿದ ಮೊದಲ ಕರಿಯ ಆಟಗಾರನೇ ಲಾಯ್ಡ್. ಇವರಿಬ್ಬರು ಗೆದ್ದ ತಂಡದಲ್ಲಿ ನಿಂತ ಮೊದಲಿಗರಾದರು. ಕರಿಯರಿಗೆ ಹೋಟೆಲಿನಲ್ಲಿ ಇಳಿಯಲು ಕೋಣೆ ಕೊಡದ ಊರುಗಳಿದ್ದ ಕಾಲದಲ್ಲಿ, ವಲಸೆ ಬಂದವನೊಬ್ಬನ ತಂಡದಲ್ಲಿ ಇದು ನಡೆಯಿತು.

ಇಲ್ಲಿಗೆ ಕತೆ ಮುಗಿದಿದ್ದರೆ ಮಂಗಳವಾಗುತ್ತಿತ್ತು. ಆದರೆ ಮುಂದಿನ ಭಾಗವೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ಆಟ ಚುರುಕಾಯಿತು, ಚುರುಕಾದ ಆಟಕ್ಕೆ ಜನ ಕೂಡಿದರು, ಟೆಲಿವಿಷನ್ ಅದನ್ನು ಮನೆಮನೆಗೆ ಒಯ್ಯತೊಡಗಿತು, ಹಣ ಹರಿಯಿತು. ಹಣ ಹರಿದ ಮೇಲೆ ದೊಡ್ಡ ಸಭಾಂಗಣಗಳ, ದೊಡ್ಡ ಜನಸಂಖ್ಯೆಯ ಊರುಗಳು ಆಟಕ್ಕೆ ಕೈಚಾಚಿದವು. ೧೯೫೭ರಲ್ಲಿ ಫೋರ್ಟ್ ವೇಯ್ನಿನ ತಂಡ ಡೆಟ್ರಾಯಿಟಿಗೆ ಹೋಯಿತು. ಬಿಯಾಸೋನೆ ಯಾರನ್ನು ಸರಿಗಟ್ಟಲು ಹಟ ತೊಟ್ಟಿದ್ದನೋ ಆ ರಾಚೆಸ್ಟರಿನ ತಂಡ ಅದೇ ವರ್ಷ ಸಿನ್ಸಿನಾಟಿಗೆ ಹೋಯಿತು. ೧೯೬೦ರಲ್ಲಿ ಮಿನಿಯಾಪೊಲಿಸಿನ ಲೇಕರ್ಸ್ ಲಾಸ್ ಏಂಜಲಿಸಿಗೆ ಹೋದರು. ತಾನು ಕಂಡುಕೊಂಡ ಔಷಧದಿಂದಲೇ ಆಟ ಬದುಕಿತು; ಬದುಕಿ ಬಲಿತ ಆಟಕ್ಕೆ ತನ್ನಂಥವರ ಮನೆ ಇಕ್ಕಟ್ಟಾಯಿತು. ಇಂಥ ವಿಪರ್ಯಾಸವನ್ನು ನಮ್ಮ ಪುರಾಣಗಳು ಬಲ್ಲವು. ವರ ಕೊಟ್ಟವನೇ ವರದ ಫಲವನ್ನು ತಲೆಯ ಮೇಲೆ ಹೊರುವ ಪ್ರಸಂಗ ಅಲ್ಲಿ ಒಂದೆರಡಲ್ಲ.

ಹಳೆಯ ಸಣ್ಣ ಊರುಗಳಲ್ಲಿ ಕೊನೆಯವರೆಗೆ ಉಳಿದದ್ದು ಸಿರಾಕ್ಯೂಸೊಂದೆ. ತಂಡದೊಂದಿಗೆ ಬೆಂಚಿನ ಮೇಲೆ ತಾನೂ ಕೂರುತ್ತಿದ್ದ ಬಿಯಾಸೋನೆ ಎಂಟು ವರ್ಷ ಎಳೆದ. ೧೯೬೨ರಲ್ಲಿ ಫಿಲಡೆಲ್ಫಿಯಾದ ತಂಡ ಸ್ಯಾನ್‌ಫ್ರಾನ್ಸಿಸ್ಕೋಗೆ ಹೊರಟುಹೋಗಿ ಆ ಮಹಾನಗರ ಬರಿದಾಯಿತು. ಅಲ್ಲಿಯ ಇಬ್ಬರು, ಅರ್ವ್ ಕಾಸ್ಲಾಫ್ ಮತ್ತು ಐಕ್ ರಿಚ್‌ಮನ್, ೧೯೬೩ರಲ್ಲಿ ಬಂದು ೫ ಲಕ್ಷ ಡಾಲರಿಗೆ ನ್ಯಾಷನಲ್ಸರನ್ನು ಕೊಂಡರು. ೧೭ ವರ್ಷಗಳ ಹಿಂದೆ ೫೦೦೦ಕ್ಕೆ ಕೊಂಡದ್ದು ನೂರ್ಮಡಿಗೆ ಹೋಯಿತೆಂದು ವ್ಯಾಪಾ­ರಿ ಲೆಕ್ಕ ಹಾಕಬಹುದು. ಊರಿನ ಲೆಕ್ಕವೇ ಬೇರೆ. ಆ ವರ್ಷದಿಂದ ಈವರೆಗೆ ಆ ಅಸೋಸಿಯೇಷನ್ನಿನ ತಂಡವೊಂದು ಮತ್ತೆ ಸಿರಾಕ್ಯೂಸಿನದಾಗಲಿಲ್ಲ.

ಫಿಲಡೆಲ್ಫಿಯಾದಲ್ಲಿ ತಂಡಕ್ಕೆ ಸೆವೆಂಟಿಸಿಕ್ಸರ್ಸ್ ಎಂದು ಮರುನಾಮಕರಣವಾಯಿತು. ೧೭೭೬ರಲ್ಲಿ ಆ ನಗರದಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಾದದ್ದರ ನೆನಪಿಗೆ ಇಟ್ಟ ಹೆಸರು ಅದು. ಶೇಯ್ಸ್ ತಂಡದೊಂದಿಗೆ ಹೋದ. ಹ್ಯಾಲ್ ಗ್ರೀರ್, ಚೆಟ್ ವಾಕರ್ ಮೊದಲಾದ, ಸಿರಾಕ್ಯೂಸಿನಲ್ಲಿ ಆಟ ಆರಂಭಿಸಿದ ಯುವಕರೂ ಹೋದರು. ೧೯೬೭ರಲ್ಲಿ ಆ ತಂಡ ಮತ್ತೆ ದೇಶಕ್ಕೆ ಮೊದಲನೆಯದಾದಾಗ ಅವರಿಬ್ಬರೂ ಅಂಗಣದಲ್ಲಿದ್ದರು. ಗುಬ್ಬಿ ಕಂಪನಿ ಎಲ್ಲಿಗೆ ಹೋದರೂ ಗುಬ್ಬಿಯದೇ. ಈ ತಂಡ ಹೊರಟಾಗ ಊರಿನ ಹೆಸರನ್ನೂ ಬಿಟ್ಟು ಹೊರಟಿತು.

ಬಿಯಾಸೋನೆ ಮಾತ್ರ ಊರು ಬಿಡಲಿಲ್ಲ. ಮತ್ತೊಂದು ತಂಡ ಕಟ್ಟಲು ಮಹಾನಗರಕ್ಕೂ ಹೋಗಲಿಲ್ಲ. ಈಸ್ಟ್‌ವುಡ್ಡಿನ ತನ್ನ ಬೌಲಿಂಗ್ ಕೇಂದ್ರಕ್ಕೆ ಮರಳಿದ. ಎಂದಿನಂತೆ ಗಿರಾಕಿಗಳು ಬಂದು ಗುಂಡು ಉರುಳಿಸಿ ಹೋದರು. ೧೯೯೨ರ ಮೇ ೨೫ರಂದು, ೮೩ನೆಯ ವಯಸ್ಸಿನಲ್ಲಿ, ಅದೇ ಊರಿನಲ್ಲಿ ಆತ ತೀರಿಕೊಂಡ.

ಆತ ಇದ್ದಾಗ ಸಲ್ಲದ ಮನ್ನಣೆ ಆಮೇಲೆ ಸಂದಿತು. ನೈಸ್ಮಿತ್ ಬುಟ್ಟಿ ಕಟ್ಟಿದ ಸ್ಪ್ರಿಂಗ್‌ಫೀಲ್ಡಿನಲ್ಲಿ ಆ ಆಟದ ಮಹನೀಯರ ಹೆಸರುಗಳನ್ನು ದಾಖಲಿಸುವ ಒಂದು ಕೀರ್ತಿಭವನವಿದೆ. ೨೦೦೦ದಲ್ಲಿ ಬಿಯಾಸೋನೆಯ ಹೆಸರು ಅಲ್ಲಿಗೆ ಸೇರಿತು. ಆ ವರ್ಷಕ್ಕೆ ಇನ್ನೊಂದು ಮಹತ್ತ್ವವೂ ಉಂಟು. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ೧೯೫೬ರಿಂದ ೩೦ ಸೆಕೆಂಡಿನ ನಿಯಮವನ್ನು ಇಟ್ಟುಕೊಂಡಿತ್ತು. ೨೦೦೦ದಲ್ಲಿ ಅದೂ ೨೪ ಸೆಕೆಂಡಿಗೆ ಬಂತು. ಉಪ್ಪಿನ ನಗರದ ಭಾಗಾಕಾರ ಜಗತ್ತಿನ ಕಟ್ಟಳೆಯಾಯಿತು. ೨೦೦೫ರಲ್ಲಿ ಸಿರಾಕ್ಯೂಸಿನವರು ನಗರದ ನಡುವಿನ ಆರ್ಮರಿ ಚೌಕದಲ್ಲಿ ಒಂದು ಸ್ಮಾರಕವನ್ನು ನಿಲ್ಲಿಸಿದರು. ಅದು ಮನುಷ್ಯನ ಪ್ರತಿಮೆಯಲ್ಲ, ಗೆದ್ದ ಬಟ್ಟಲಿನ ಪ್ರತಿಕೃತಿಯೂ ಅಲ್ಲ. ೨೪ರಿಂದ ಸೊನ್ನೆಯವರೆಗೆ ಎಣಿಸುವ ಗಡಿಯಾರ. ಹೋದ ತಂಡವನ್ನಲ್ಲ, ಕೊಟ್ಟ ಲೆಕ್ಕವನ್ನು ಆ ಊರು ನೆನಪಿಗಿಟ್ಟುಕೊಂಡಿತು. ಅದು ವಿವೇಕದ ಆಯ್ಕೆ ಎಂದು ನನ್ನ ಎಣಿಕೆ.

ನಮ್ಮ ಚಾಮರಾಜನಗರಕ್ಕೆ ಮೊದಲು ಅರಿಕುಠಾರವೆಂದು ಹೆಸರಿತ್ತು. ೧೮೧೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನು ಊರಿಗಿಟ್ಟರು. ೧೮೨೬ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅರಸುಮಗ ಹುಟ್ಟಿದ್ದು ಇಲ್ಲಿ, ಸಂದದ್ದು ಮೈಸೂರಿಗೆ. ಊರು ಅವನನ್ನು ಉಳಿಸಿಕೊಳ್ಳಲಿಲ್ಲ, ಹೆಸರನ್ನು ಉಳಿಸಿಕೊಂಡಿತು. ಗುಂಡ್ಲುಪೇಟೆಯ ಹೊಲಗಳಲ್ಲಿ ಬೆಳೆದ ಚೆಂಡುಹೂವು ಓಣಂ ಹಬ್ಬದ ಮುನ್ನ ಘಟ್ಟವಿಳಿದು ಕೇರಳವನ್ನು ಸೇರುತ್ತದೆ. ಅಲ್ಲಿಯ ಅಂಗಳದ ರಂಗವಲ್ಲಿಯಲ್ಲಿ ಕೂತ ಹೂವನ್ನು ನೋಡಿ ಇದು ಯಾರ ಹೊಲದ್ದೆಂದು ಕೇಳುವವರಿಲ್ಲ. ಕೇಳಲಿಲ್ಲವೆಂದು ರೈತ ಮರುವರ್ಷ ಸಸಿ ನೆಡುವುದನ್ನು ಬಿಡುವುದೂ ಇಲ್ಲ.

ಬೆಳೆದದ್ದು ಊರಲ್ಲೇ ಉಳಿಯಬೇಕೆಂಬ ಹಟ ಅಧ್ಯಾಪಕನಿಗೆ ತರವಲ್ಲವೆಂದು ನನಗೆ ಈಚೆಗೆ ಅನ್ನಿಸುತ್ತಿದೆ. ಉಳಿದರೆ ಸಂತೋಷವೇ, ಸಿರಾಕ್ಯೂಸಿನವರಿಗೆ ತಂಡ ಹೋದ ನೋವು ನಿಜವಾದದ್ದು, ಅದನ್ನು ತತ್ತ್ವದ ಮಾತಿನಿಂದ ಒರೆಸಲಾಗದು. ಆದರೆ ಚಿಕ್ಕ ಊರು ತನ್ನ ಇಕ್ಕಟ್ಟಿನಲ್ಲಿ ಕಂಡುಕೊಂಡ ಒಂದು ಉಪಾಯ, ಕಲಿಸಿದ ಒಂದು ಶಿಸ್ತು, ತೋರಿದ ಒಂದು ಅಳತೆ ಇವು ಹೋದವರ ಜೊತೆಗೆ ಹೋಗಿ ಎಲ್ಲೆಲ್ಲಿಯೂ ಕೆಲಸ ಮಾಡುತ್ತವೆ. ಡ್ಯಾನಿ ಬಿಯಾಸೋನೆಯ ತಂಡ ಇಂದು ಬೇರೆ ಊರಿನದು, ಬೇರೆ ಹೆಸರಿನದು. ಆತನ ವಿಘಳಿಗೆ ಮಾತ್ರ, ಚೆಂಡು ಕೈ ಬದಲಿಸಿದಾಗಲೆಲ್ಲ, ಎಲ್ಲ ಊರುಗಳಲ್ಲಿಯೂ ಮೊದಲಿನಿಂದ ಎಣಿಕೆಗೆ ತೊಡಗುತ್ತದೆ.